ಮುಖ ನೋಡಲು ಬಂದವರು

ಲಕ್ವ ಹೊಡೆದು ಹಾಸಿಗೆ ಹಿಡಿದ ನಮ್ಮ ದೊಡ್ಡಪ್ಪನನ್ನು ನೋಡಲು ಮೊದಲ ತಿಂಗಳಲ್ಲಿ ಬಂದವರು 111 ಜನ. ಲೆಕ್ಕ ನನ್ನದಲ್ಲ, ಅತ್ತಿಗೆಯದು. ಕಾಫಿ ಲೋಟ ತೊಳೆದವರಿಗೆ ತಲೆ ಎಣಿಸುವುದು ಕಷ್ಟವಲ್ಲ. ಬಂದವರಲ್ಲಿ ಮುಕ್ಕಾಲುಪಾಲು ಮಂದಿ ಸೇಬು ತಂದಿದ್ದರು, ಗಂಜಿ ನುಂಗುವುದಕ್ಕೇ ಒದ್ದಾಡುತ್ತಿದ್ದವರಿಗೆ ಸೇಬು. ಎಲ್ಲರೂ ಮಂಚದ ಕಾಲ್ದೆಸೆಯಲ್ಲಿ ಕೈಕಟ್ಟಿ ನಿಂತು ಮುಖ ನೋಡಿದರು. "ಮುಖದಲ್ಲಿ ಕಳೆ ಇದೆ, ಏನೂ ಆಗಲ್ಲ ಬಿಡಿ" ಎಂದು ಸರ್ಟಿಫಿಕೇಟು ಕೊಟ್ಟು ಹೋದರು. ಬೆನ್ನು ನೋಡಿದವರು ಇಬ್ಬರೇ. ಒಬ್ಬರು ಅತ್ತಿಗೆ. ಇನ್ನೊಬ್ಬರು ಎದುರು ಮನೆಯ ಸಿಸ್ಟರ್, ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು, ಬರಿಗೈಯಲ್ಲಿ ಬಂದ ಒಬ್ಬರೇ ಒಬ್ಬರು.

ನಾನು ಮೂರು ಸಲ ಹೋಗಿದ್ದೆ. ಮೂರು ಸಲವೂ ಕಾಫಿ ಚೆನ್ನಾಗಿತ್ತು.

ದೊಡ್ಡಪ್ಪ 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಒತ್ತಡದ ಪಾಠ ಬಂದ ದಿನ ಜೇಬಿನಿಂದ ಒಂದು ಮೊಳೆ ಹೊರಬರುತ್ತಿತ್ತು. ಮೊಳೆಯ ತಲೆಯನ್ನು ಹುಡುಗನ ಅಂಗೈಗೆ ಒತ್ತಿ, "ನೋವಾಯ್ತೇನೋ?" "ಇಲ್ಲ ಸಾರ್." ಅಷ್ಟೇ ಬಲದಲ್ಲಿ ಮೊನೆ ಒತ್ತಿ, "ಈಗ?" ಹುಡುಗ ಕೂಗಿಕೊಂಡ ಮೇಲೆ ಬೋರ್ಡಿನ ಮೇಲೆ ಬರೆಯುತ್ತಿದ್ದರು: ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ. ಆ ಅಂಗೈಗಳಲ್ಲಿ ನನ್ನದೂ ಒಂದು. ನೋಡಲು ಬಂದ 111 ಜನರಲ್ಲಿ ಮೂವತ್ತು ಮಂದಿಯಾದರೂ ಅವರ ಶಿಷ್ಯರು. ಅದರಲ್ಲೊಬ್ಬ ಸೇತುವೆ ಕಟ್ಟಿಸುವ ಎಂಜಿನಿಯರು. 70 ಕಿಲೋ ತೂಗುವ ಮೇಷ್ಟ್ರು ಅಂಗಾತ ಮಲಗಿದರೆ ಭಾರವೆಲ್ಲ ಬೆನ್ನುಮೂಳೆಯ ಬುಡ, ಹಿಮ್ಮಡಿ, ಹೆಗಲ ಹಲಗೆ, ತಲೆಯ ಹಿಂಬದಿ ಎಂಬ ನಾಲ್ಕಾರು ಮೊಳೆಗಳ ಮೇಲೆ ಕೂರುತ್ತದೆ ಎನ್ನುವುದು ಯಾವ ಶಿಷ್ಯನಿಗೂ ಹೊಳೆಯಲಿಲ್ಲ. ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವಲ್ಲ.

ಚರ್ಮದೊಳಗಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳನ್ನು ಮುಚ್ಚಿಸಲು ಪಾದರಸದ ಲೆಕ್ಕದಲ್ಲಿ 32 ಮಿಲಿಮೀಟರಿನ ಆಜೂಬಾಜು ಒತ್ತಡ ಸಾಕು ಎನ್ನುವುದು ವೈದ್ಯರ ಹಳೆಯ ಅಂದಾಜು. ಬಿಪಿ 150 ಅಂದರೆ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬೀಗ ಬೀಳುತ್ತದೆ. ಈ 32ರ ಸುದ್ದಿ ಯಾರಿಗೂ ಬೇಡ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಖಂಡಕ್ಕೆ ರಕ್ತ ನಿಂತು ಎರಡು, ನಾಲ್ಕು, ಆರು ಗಂಟೆ ಕಳೆದರೆ ಅದು ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಎಂದರೆ ಇದೇ. ನೀವು ನಾವು ನಿದ್ದೆಯಲ್ಲೂ ಹೊರಳುತ್ತೇವೆ, ಹೆಂಡತಿಯ ಬೈಗುಳ ತಿಂದಾದರೂ ಮಗ್ಗುಲು ಬದಲಿಸುತ್ತೇವೆ. ಬಲಗೈ, ಬಲಗಾಲು, ಮಾತು ಮೂರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡವರಿಗೆ ಹೊರಳಲೂ ಆಗದು, ಹೊರಳಿಸಿ ಎನ್ನಲೂ ಆಗದು.

ಇನ್ನು ದೊಡ್ಡಪ್ಪನ ಹುಣ್ಣು ಎಲ್ಲಿ ಶುರುವಾಯಿತು ಎಂಬ ಸಂಶೋಧನೆ. ದೊಡ್ಡಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಯ ಹೆಸರು ಬೇಡ, ಲಾಬಿಯಲ್ಲಿ ಪಿಯಾನೊ ಇದೆ ಎಂದರೆ ಸಾಕು. ಹತ್ತನೆಯ ದಿನ ಬೆಳಿಗ್ಗೆ 9ಕ್ಕೆ ಡಿಸ್ಚಾರ್ಜ್ ಎಂದರು. ನರ್ಸು ಬಂದು ಹೊಸ ಪಂಚೆ ಉಡಿಸಿ, ಮಂಚದ ತಲೆಭಾಗ ಎತ್ತರಿಸಿ, ಮದುಮಗನ ಹಾಗೆ ಒರಗಿಸಿ ಹೋದರು. ಇನ್ಶೂರೆನ್ಸಿನವರ ಅಪ್ರೂವಲ್ ಬಂದದ್ದು ಸಂಜೆ 6ಕ್ಕೆ. ಆ ಒಂಬತ್ತು ಗಂಟೆ ದೊಡ್ಡಪ್ಪ ಯಾರ ಪೇಷಂಟು? ಡಿಸ್ಚಾರ್ಜ್ ಆಗಿದೆಯಲ್ಲ, ಮನೆಯವರು ನೋಡಿಕೊಳ್ಳುತ್ತಾರೆ ಎಂದು ಆಸ್ಪತ್ರೆ. ಇನ್ನೂ ಬೆಡ್ಡಿನ ಮೇಲಿದ್ದಾರಲ್ಲ, ಸಿಸ್ಟರುಗಳು ನೋಡಿಕೊಳ್ಳುತ್ತಾರೆ ಎಂದು ಮನೆಯವರು. ದೊಡ್ಡಪ್ಪನ ಮಗ, ನಮ್ಮ ಅಣ್ಣ, ಬಿಲ್ಲಿಂಗ್ ಕೌಂಟರಿನಲ್ಲಿ; ನಾನು ಕ್ಯಾಂಟೀನಿನಲ್ಲಿ. ಎತ್ತರಿಸಿದ ಮಂಚದಲ್ಲಿ ದೊಡ್ಡಪ್ಪ ಇಂಚು ಇಂಚಾಗಿ ಕೆಳಕ್ಕೆ ಜಾರುತ್ತಿದ್ದರು. ಹಾಗೆ ಜಾರುವಾಗ ಚರ್ಮ ಬೆಡ್‌ಶೀಟಿಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಕೆಳಗಿಳಿಯುತ್ತದೆ. ನಡುವಿನ ರಕ್ತನಾಳಗಳು ಹಿಂಡಿದ ಪಂಚೆಯ ಹಾಗೆ ತಿರುಚಿಕೊಳ್ಳುತ್ತವೆ. ಮಂಚದ ತಲೆಭಾಗವನ್ನು ಊಟದ ಹೊತ್ತು ಬಿಟ್ಟರೆ 30 ಡಿಗ್ರಿಗಿಂತ ಮೇಲೆ ಎತ್ತಬೇಡಿ ಎನ್ನುವುದು ಇದಕ್ಕೇ.

ಆಮೇಲೆ ಅಣ್ಣ ಜಗಳವಾಡಿ ಕೇಸ್ ಶೀಟಿನ ಪ್ರತಿ ತರಿಸಿದ. ಆ ದಿನದ ಕಾಲಂನಲ್ಲಿ 10, 12, 2, 4 ಗಂಟೆಗೆ "ಪೊಸಿಷನ್ ಚೇಂಜ್ಡ್, ಬ್ಯಾಕ್ ಕೇರ್ ಗಿವನ್" ಎಂದಿತ್ತು. ನಾಲ್ಕೂ ಸಾಲು ಒಂದೇ ಪೆನ್ನು, ಒಂದೇ ವಾಲು, ಒಂದೇ ಉಸಿರು. ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ವಿಮೆ, ಆಸ್ಪತ್ರೆಯೊಳಗೇ ಹುಟ್ಟಿದ ಆಳವಾದ ಹಾಸಿಗೆ ಹುಣ್ಣಿಗೆ ಹೆಚ್ಚುವರಿ ಹಣ ಕೊಡುವುದನ್ನು 2008ರಲ್ಲೇ ನಿಲ್ಲಿಸಿತು. ನಮ್ಮಲ್ಲಿ ಹುಣ್ಣು ತೋರಿಸಲು ಹೋದಾಗ ಡ್ರೆಸ್ಸಿಂಗ್ ಚಾರ್ಜು ಪ್ರತ್ಯೇಕ ಹಾಕಿದರು. ಒಂದೇ ಗಿರಾಕಿಗೆ ಹರಿದ ಅಂಗಿಯನ್ನೂ ಹೊಲಿಗೆಯನ್ನೂ ಮಾರುವ ಕಲೆ ಎಲ್ಲರಿಗೂ ಸಿದ್ಧಿಸುವುದಿಲ್ಲ.

ಮನೆಗೆ ಬಂದ ಎರಡನೆಯ ದಿನ ಸಿಸ್ಟರ್ ಬಂದರು. ಮುಖದ ಕಡೆ ಕಣ್ಣೂ ಹಾಯಿಸದೆ, "ಸ್ವಲ್ಪ ಪಕ್ಕಕ್ಕೆ ತಿರುಗಿಸೋಣಮ್ಮ" ಎಂದು ಅತ್ತಿಗೆಯ ಜೊತೆ ಸೇರಿ ಮಗ್ಗುಲು ಮಾಡಿದರು. ಪಂಚೆ ಸರಿಸಿ ಬೆನ್ನುಮೂಳೆಯ ಬುಡ ನೋಡಿದರು. ನೇರಳೆಹಣ್ಣು ಹಿಂಡಿ ಒರೆಸಿದ ಹಾಗೆ, ನಾಣ್ಯದಗಲ ಒಂದು ಕಲೆ. ಚರ್ಮ ಒಡೆದಿರಲಿಲ್ಲ. ಬೆರಳಿನಿಂದ ಒತ್ತಿ ಬಿಟ್ಟರು, ಬಣ್ಣ ತಿಳಿಯಾಗಲಿಲ್ಲ. ಹಿಂಗೈಯನ್ನು ಅದರ ಮೇಲಿಟ್ಟರು, ಆಮೇಲೆ ಪಕ್ಕದ ಚರ್ಮದ ಮೇಲಿಟ್ಟರು. "ಇಲ್ಲಿ ಬಿಸಿ ಇದೆ. ಗಟ್ಟಿಯಾಗಿದೆ. ಒಳಗೆ ಆಗಲೇ ಹೋಗಿದೆ, ಮೇಲೆ ಬರಕ್ಕೆ ಎರಡು ಮೂರು ದಿನ ತಗೊಳ್ಳತ್ತೆ" ಎಂದರು. ಪುಸ್ತಕದಲ್ಲಿ ಮೊದಲ ಹಂತದ ಲಕ್ಷಣ ಕೆಂಪು ಎಂದು ಬರೆದಿರುತ್ತದೆ. ಬರೆದವರು ಬಿಳಿ ಬೆನ್ನುಗಳನ್ನು ನೋಡಿ ಬರೆದದ್ದು. ನಮ್ಮ ರಾಗಿಮುದ್ದೆ ಬಣ್ಣದ ಬೆನ್ನಿನಲ್ಲಿ ಕೆಂಪು ಹುಡುಕುತ್ತ ಕೂತರೆ ಮೂಳೆ ಕಾಣುವವರೆಗೂ ಕೂರಬೇಕು. ಬಣ್ಣ ಕಪ್ಪೇರಿದೆಯೇ, ಬಿಸಿಯೋ ತಣ್ಣಗೋ, ಕಲ್ಲಿನಂತಿದೆಯೋ ಮೆತ್ತಗಾಗಿದೆಯೋ ಎಂದು ಕೈಯಿಂದ ನೋಡಬೇಕು. ನೋಡುವುದು ಎಂದರೆ ಮುಟ್ಟುವುದು. ಅಲ್ಲೇ ನಮ್ಮ ನೆಂಟರು ಸೋಲುವುದು.

ಸಿಸ್ಟರ್ ಹೇಳಿದ ಹಾಗೇ ಆಯಿತು. ವಾರದಲ್ಲಿ ಕಲೆ ಕಪ್ಪಾಗಿ, ಬಿರಿದು, ವಾಸನೆ ಬಂತು. ಹೊರಗೆ ಬಾಯಿ ಚಿಕ್ಕದು, ಒಳಗೆ ಗುಡಾಣ. ಅಣ್ಣ ಡಾಕ್ಟರಿಗೆ ಫೋನು ಮಾಡಿದರೆ, "ಬೆಡ್ ರಿಡನ್ ಪೇಷಂಟು ಅಲ್ವಾ, ಇವೆಲ್ಲ ಆಗೋದೇ" ಎಂದರಂತೆ.

ಈ "ಆಗೋದೇ" ಎಂಬ ಮಾತಿಗೆ ದೊಡ್ಡ ಮನೆತನವಿದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಶಾರ್ಕೊ ಎಂಬ ನರರೋಗದ ಮಹಾಪಂಡಿತರು, ನರ ಕೆಟ್ಟವರಿಗೆ ಹುಣ್ಣು ಒಳಗಿನಿಂದಲೇ ಏಳುತ್ತದೆ, ಅದು ಸಾವಿನ ಮುನ್ಸೂಚನೆ ಎಂದು ಸಾರಿಬಿಟ್ಟರು. ಸಿಸ್ಟರುಗಳಿಗೂ ಸೊಸೆಯರಿಗೂ ಇದಕ್ಕಿಂತ ದೊಡ್ಡ ರಜಾ ಆದೇಶ ಬೇಕೆ? ಅವರಿಗೂ ಮೊದಲೇ ಬ್ರೌನ್ ಸೆಕಾರ್ ಎಂಬಾತ ಪ್ರಾಣಿಗಳ ಬೆನ್ನುಹುರಿ ಕತ್ತರಿಸಿ, ಒತ್ತಡ ತಪ್ಪಿಸಿ, ಒದ್ದೆಯಾಗದಂತೆ ಇಟ್ಟರೆ ಹುಣ್ಣಾಗುವುದಿಲ್ಲ ಎಂದು ತೋರಿಸಿದ್ದರು. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಹಾಸಿಗೆ ಹುಣ್ಣನ್ನು ಕಾಯಿಲೆಯ ಖಾತೆಯಿಂದ ತೆಗೆದು ಶುಶ್ರೂಷೆಯ ಖಾತೆಗೆ ಬರೆದಿದ್ದರು. ಆದರೆ ಒಬ್ಬಾತ ಗಿನಿ ಇಲಿ ಸಾಕಿದವರು, ಇನ್ನೊಬ್ಬಾಕೆ ನರ್ಸು. ಅವರ ಮಾತು ಪಂಡಿತರ ಎದುರು ನಿಲ್ಲುತ್ತದೆಯೇ?

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಲುಡ್ವಿಗ್ ಗುಟ್‌ಮನ್ ಬಂದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ವೈದ್ಯ. ಬೆನ್ನುಹುರಿ ಮುರಿದ ಸೈನಿಕರು ಅಲ್ಲಿಯವರೆಗೆ ಹೆಚ್ಚಾಗಿ ಸಾಯುತ್ತಿದ್ದದ್ದು ಗುಂಡಿನಿಂದಲ್ಲ, ಹಾಸಿಗೆ ಹುಣ್ಣಿನ ನಂಜು ಮತ್ತು ಮೂತ್ರದ ಸೋಂಕಿನಿಂದ. ಗುಟ್‌ಮನ್ ಯಾವ ಹೊಸ ಔಷಧಿಯನ್ನೂ ತರಲಿಲ್ಲ. ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದರು. ಸಾಯಲೆಂದು ಮಲಗಿಸಿದ್ದವರು ಎದ್ದು ಕೂತರು. 1948ರಲ್ಲಿ ಗಾಲಿಕುರ್ಚಿಯಿಂದ ಬಿಲ್ಲುಬಾಣ ಹಿಡಿದು ಸ್ಪರ್ಧೆಗೆ ಇಳಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಹೀಗೆ, ಮಗ್ಗುಲು ಬದಲಿಸಿದ್ದರಿಂದ. ಇದರಲ್ಲಿ ಪೇಟೆಂಟಿಗೆ ಸಿಗುವಂಥದ್ದು ಏನೂ ಇಲ್ಲ, ಆದ್ದರಿಂದ ಯಾರೂ ಪ್ರಚಾರ ಮಾಡುವುದಿಲ್ಲ.

ಅಮೆರಿಕದ ತಜ್ಞಮಂಡಳಿ 2016ರಲ್ಲಿ ಈ ಕಾಯಿಲೆಯ ಹೆಸರನ್ನೇ ಬದಲಿಸಿತು. ಇನ್ನು ಮೇಲೆ ಇದು ಒತ್ತಡದ ಹುಣ್ಣಲ್ಲ, ಒತ್ತಡದ ಗಾಯ. ಅವರ ಕಾರಣ ಏನೇ ಇರಲಿ, ಕನ್ನಡದ ಕಿವಿಗೆ ಇದು ಚೆನ್ನಾಗಿ ಕೇಳುತ್ತದೆ. ಹುಣ್ಣು ತಾನಾಗಿ ಆಗುತ್ತದೆ. ಗಾಯಕ್ಕಾದರೆ ಮಾಡಿದವರು ಇರುತ್ತಾರೆ. ನಮ್ಮ ಮನೆಯಲ್ಲಿ ಈಗಲೂ ಹುಣ್ಣು ಎಂದೇ ಕರೆಯುತ್ತೇವೆ.

ಅಣ್ಣ ಕೈಕಟ್ಟಿ ಕೂರಲಿಲ್ಲ. ಸರ್ಜಿಕಲ್ ಅಂಗಡಿಗೆ ಹೋಗಿ ಏರ್ ಬೆಡ್ ತಂದ. ಗುಳ್ಳೆ ಗುಳ್ಳೆ ಹಾಸಿಗೆ, ಅದಕ್ಕೊಂದು ಪಂಪು, ಸಾಲು ಬಿಟ್ಟು ಸಾಲು ಉಬ್ಬುತ್ತ ತಗ್ಗುತ್ತ ಇರುತ್ತದೆ. ಒಳ್ಳೆಯ ವಸ್ತುವೇ. 1832ರಲ್ಲಿ ಸ್ಕಾಟ್ಲೆಂಡಿನ ನೀಲ್ ಅರ್ನಾಟ್ ಎಂಬ ವೈದ್ಯರು ಇದೇ ಕಷ್ಟಕ್ಕೆಂದು ನೀರಿನ ಹಾಸಿಗೆ ಮಾಡಿದಾಗಿನಿಂದ ಅದರ ವಂಶ ಬೆಳೆಯುತ್ತ ಬಂದಿದೆ. ಅಣ್ಣ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೊ ಹಾಕಿದ. 43 ಜನ ಕೈಮುಗಿದರು. "ಇನ್ನು ತಿರುಗಿಸೋ ತಾಪತ್ರಯ ಇಲ್ಲ" ಎಂದು ಘೋಷಿಸಿದ. ಮಗನ ಕರ್ತವ್ಯಕ್ಕೆ ಪ್ಲಗ್ ಹಾಕಿಯಾಯಿತು.

ಆಮೇಲೆ ಹಾಸಿಗೆ ಹಾಳಾಗಬಾರದೆಂದು ಅದರ ಮೇಲೊಂದು ಕೌದಿ ಬಂತು. ಕೌದಿ ಒದ್ದೆಯಾಗಬಾರದೆಂದು ರಬ್ಬರ್ ಶೀಟು. ರಬ್ಬರು ಬೆವರುತ್ತದೆಂದು ಹಳೇ ಸೀರೆಯ ನಾಲ್ಕು ಮಡಿಕೆ. ಅದರ ಮೇಲೆ ಡಯಾಪರು. ಅಷ್ಟು ಉಪ್ಪರಿಗೆಯ ಮೇಲೆ ದೊಡ್ಡಪ್ಪ. ತಳದಲ್ಲಿ ಗುಳ್ಳೆಗಳು ತಮ್ಮ ಪಾಡಿಗೆ ತಾವು ಉಬ್ಬಿ ತಗ್ಗಿ ಆಟವಾಡುತ್ತಿದ್ದವು. ರಾತ್ರಿ ಪಂಪು ಗುಯ್ಯೆನ್ನುತ್ತದೆ ಎಂದು ಪಕ್ಕದಲ್ಲಿ ಮಲಗುವ ಅಟೆಂಡರ್ ಸ್ವಿಚ್ಚು ಆರಿಸುತ್ತಿದ್ದನಂತೆ. ಸಿಸ್ಟರ್ ಒಂದು ದಿನ ಹಾಸಿಗೆಯ ಅಡಿಗೆ ಅಂಗೈ ತೂರಿಸಿ, "ಮೂಳೆ ನನ್ನ ಕೈಗೆ ಸಿಗ್ತಾ ಇದೆಯಲ್ಲಪ್ಪ, ಗಾಳಿ ಎಲ್ಲಿ?" ಎಂದು ಕೇಳಿದರು. ತೂಕಕ್ಕೆ ತಕ್ಕ ಹಾಗೆ ತಿರುಗಿಸಬೇಕಾದ ಗುಂಡಿ ಅಂಗಡಿಯಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಗಾಳಿ ತುಂಬಿದ ಹಾಸಿಗೆ ಹಾಕಿದರೂ ಮಗ್ಗುಲು ಬದಲಿಸಲೇಬೇಕು ಎಂಬ ಸಾಲು ಅಂಗಡಿಯವನ ಭಾಷಣದಲ್ಲಿ ಇರಲಿಲ್ಲ.

ಆ ಅಂಗಡಿಯಿಂದ ಚಕ್ಕುಲಿಯಾಕಾರದ ಗಾಳಿ ದಿಂಬೂ ಬಂದಿತ್ತು, ನಡುವೆ ತೂತು. ತೂತಿಗೆ ಹುಣ್ಣು ಬರುವಂತೆ ಕೂರಿಸಿದರೆ ಹುಣ್ಣಿಗೆ ಏನೂ ತಗಲುವುದಿಲ್ಲ, ನಿಜ. ಸುತ್ತಲಿನ ಬಳೆ ಮಾತ್ರ ಒತ್ತಿ ಒತ್ತಿ, ಆ ಹುಣ್ಣಿಗೆ ಬರಬೇಕಾದ ರಕ್ತದ ದಾರಿಗೆಲ್ಲ ನಾಕಾಬಂದಿ ಹಾಕುತ್ತದೆ. ಹಿಮ್ಮಡಿಗೆ ಅಟೆಂಡರ್ ಮಹಾಶಯ ಕೈಗವಸಿನಲ್ಲಿ ನೀರು ತುಂಬಿ ಗಂಟು ಹಾಕಿ ಇಟ್ಟಿದ್ದ, ಐದು ಬೆರಳು ಉಬ್ಬಿಸಿಕೊಂಡು ಹಸುವಿನ ಕೆಚ್ಚಲಿನ ಹಾಗೆ. ಇದು ಅನೇಕ ವಾರ್ಡುಗಳಲ್ಲಿ ನಡೆದುಬಂದ ಸಂಪ್ರದಾಯ. ಅದರಿಂದ ಉಪಯೋಗವಿಲ್ಲ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸಿದರೆ ಸಾಕು, ನಡುವೆ ಒಂದು ಬೆರಳು ಆಡಬೇಕು. ದಿಂಬು ಮನೆಯಲ್ಲೇ ಇತ್ತು. ಅದಕ್ಕೆ ಬಿಲ್ಲಿಲ್ಲವಾದ್ದರಿಂದ ಯಾರಿಗೂ ನಂಬಿಕೆ ಬಂದಿರಲಿಲ್ಲ.

ಔಷಧಿಗೆ ಬರೋಣ. ನೆಂಟರು ಸೇಬಿನ ಜೊತೆ ತಂದದ್ದು ಅದನ್ನೇ. ಒಬ್ಬರು ಅರಿಶಿನ ಕೊಬ್ಬರಿ ಎಣ್ಣೆ ಎಂದರು, ಇನ್ನೊಬ್ಬರು ಟಾಲ್ಕಂ ಪೌಡರ್ ಎರಚಿ ಎಂದರು. ಚಿಕ್ಕಮ್ಮ ಸ್ಪಿರಿಟ್ ಹಾಕಿ ಆ ಜಾಗವನ್ನು ಚೆನ್ನಾಗಿ ತಿಕ್ಕಲು ಹೇಳಿದರು. ಸ್ಪಿರಿಟ್ಟು ಚರ್ಮ ಒಣಗಿಸಿ ಬಿರುಕು ಬಿಡಿಸುತ್ತದೆ, ತಿಕ್ಕಿದರೆ ಒಳಗೆ ಸಾಯುತ್ತಿರುವ ಮಾಂಸ ಇನ್ನಷ್ಟು ಬೇಗ ಸಾಯುತ್ತದೆ. ಷಡ್ಡಕರೊಬ್ಬರು ಹೈಡ್ರೋಜನ್ ಪೆರಾಕ್ಸೈಡ್ ಸುರಿಸಿ, "ನೊರೆ ಬರ್ತಿದೆ ನೋಡಿ, ಕೆಲಸ ಮಾಡ್ತಿದೆ" ಎಂದರು. ಕೆಲಸ ಮಾಡುತ್ತಿತ್ತು, ಆಗಷ್ಟೇ ಚಿಗುರುತ್ತಿದ್ದ ಹೊಸ ಮಾಂಸವನ್ನೂ ಸುಡುವ ಕೆಲಸ. ಮಾವನೊಬ್ಬ ಇನ್ನೂ ಮುಂದೆ ಹೋಗಿ 60 ವಾಟಿನ ಬಲ್ಬು ಹಿಡಿಸಿದ. ಹುಣ್ಣಿನ ಮೇಲೆ ಬೆಳಕು ಚೆಲ್ಲಿದವನು ಅವನೊಬ್ಬನೇ ಎನ್ನಬೇಕು.

ಎಲ್ಲರ ಗುರಿಯೂ ಒಂದೇ: ಗಾಯ ಒಣಗಬೇಕು. ನಮ್ಮ ಭಾಷೆಯಲ್ಲೇ ಅದು ಹೊಕ್ಕಿದೆ. ವಾಸಿಯಾಯಿತು ಎನ್ನುವುದಕ್ಕೆ ಗಾಯ ಒಣಗಿತು ಎನ್ನುತ್ತೇವೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು ಕೆಲವನ್ನು ತೆಳು ಪೊರೆಯಿಂದ ಮುಚ್ಚಿ ನೋಡಿದರು. ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹಬ್ಬಿತು. ಕನ್ನಡದಲ್ಲಿ ಇದಕ್ಕೂ ಪದವಿದೆ, ಮಾಯುವುದು. ಗಾಯ ಮಾಯಬೇಕು, ಒಣಗಲು ಅದೇನು ಹಪ್ಪಳವೇ? ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೂತು ಕೀವು, ಊತ ಯಾವುದೂ ಇಲ್ಲದ ಕರಿ ಹಕ್ಕಳೆಯೊಂದನ್ನು ಮಾತ್ರ ಹಾಗೇ ಬಿಡುತ್ತಾರೆ. ದೊಡ್ಡಪ್ಪನಿಗೆ ಕೊನೆಗೆ ಸರ್ಜನ್ ಒಬ್ಬರು ಸತ್ತ ಮಾಂಸ ಕತ್ತರಿಸಿ ತೆಗೆದರು. ಸಿಸ್ಟರ್ ಸಲೈನಿನಿಂದ ತೊಳೆದು, ಗುಡಾಣವನ್ನು ತುಂಬಿಸಿ, ಮೇಲೆ ಫೋಮ್ ಡ್ರೆಸ್ಸಿಂಗ್ ಹಾಕಿದರು. "ಇದೆಲ್ಲ ಹತ್ತಾಣೆ, ಮಿಕ್ಕ ಆರಾಣೆ ಅವರನ್ನ ಆ ಮಗ್ಗುಲ ಮೇಲೆ ಮಲಗಿಸದೇ ಇರೋದು" ಎಂದರು. ಮಾರನೇ ದಿನ ತಾವೇ ತಿದ್ದಿಕೊಂಡರು: "ಅಲ್ಲ, ತಪ್ಪು ಹೇಳಿದೆ, ಉಲ್ಟಾ."

"ಹುಣ್ಣಿಗೆಲ್ಲ ಯಾರಾದ್ರೂ ಸಾಯ್ತಾರಾ?" ಎಂದು ಸೇತುವೆ ಎಂಜಿನಿಯರು ಒಮ್ಮೆ ಕೇಳಿದ. ಸಿನಿಮಾದ ಸೂಪರ್‌ಮ್ಯಾನ್ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡು ಒಂಬತ್ತು ವರ್ಷ ಬದುಕಿದ್ದರು. 2004ರಲ್ಲಿ ಅವರು ಕೊನೆಯ ಸಲ ಆಸ್ಪತ್ರೆ ಸೇರುವ ಹೊತ್ತಿಗೆ ಚಿಕಿತ್ಸೆ ನಡೆಯುತ್ತಿದ್ದದ್ದು ಸೋಂಕು ತಗುಲಿದ ಹಾಸಿಗೆ ಹುಣ್ಣಿಗೆ. ಅವರಿಗೆ ದುಡ್ಡಿಗಾಗಲಿ ನರ್ಸುಗಳಿಗಾಗಲಿ ಬರವಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಎಂಜಿನಿಯರು, "ಛೇ, ಸೂಪರ್‌ಮ್ಯಾನ್‌ಗಾ" ಎಂದ. ಮೇಷ್ಟ್ರ ಬಗ್ಗೆ ಅಷ್ಟು ನೊಂದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಊಟದ ಇಲಾಖೆ ಸೋದರತ್ತೆಯದು. ಹುಣ್ಣು ಇರುವವರಿಗೆ ಮೊಟ್ಟೆ ನಂಜು. ಬೇಳೆ ವಾಯು. ಮೊಸರು ಶೀತ. ಮೀನಿನ ಹೆಸರೆತ್ತುವ ಹಾಗಿಲ್ಲ. ಉಳಿದದ್ದು ಅಕ್ಕಿಗಂಜಿ. ಚರ್ಮ, ಮಾಂಸ ಮತ್ತೆ ಬೆಳೆಯಬೇಕಾದರೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ ಪ್ರೊಟೀನ್ ಬೇಕು. ಕಿಡ್ನಿಯ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು. 70 ಕಿಲೋದ ಮೇಷ್ಟ್ರಿಗೆ ಹತ್ತಿರಹತ್ತಿರ 90ರಿಂದ 105 ಗ್ರಾಂ ಆಯಿತು. ಬಟ್ಟಲು ಗಂಜಿಯಲ್ಲಿ ಎರಡೋ ಮೂರೋ ಗ್ರಾಂ. ನಂಜನ್ನು ಹೊರಗಿಟ್ಟು ಗೋಡೆ ಕಟ್ಟಲು ಹೊರಟರು, ಒಳಗೆ ಇಟ್ಟಿಗೆಯನ್ನೇ ಬಿಡಲಿಲ್ಲ. ಸೋದರತ್ತೆ ಊರಿಗೆ ಹೋದ ದಿನ ಅತ್ತಿಗೆ ಎರಡು ಮೊಟ್ಟೆ ಬೇಯಿಸಿ, ನುಣ್ಣಗೆ ಕಿವುಚಿ, ತೊವ್ವೆಯಲ್ಲಿ ಕಲಸಿ, ಒರಗಿಸಿ ಕೂರಿಸಿಕೊಂಡು ಚಮಚ ಚಮಚವಾಗಿ ತಿನ್ನಿಸಿದರು. ದೊಡ್ಡಪ್ಪ ಕಣ್ಣಲ್ಲೇ ಇನ್ನಷ್ಟು ಕೇಳಿದರಂತೆ.

ಅಣ್ಣನ ಬಗ್ಗೆ ಒಂದು ಮಾತು. ಅವನ ಮನಸ್ಸು ಬಹಳ ಮೃದು. ಅಪ್ಪನ ಗಾಯ ಕಂಡರೆ ತಲೆ ಸುತ್ತುತ್ತದೆ, ವಾಸನೆಗೆ ಹೊಟ್ಟೆ ತೊಳಸುತ್ತದೆ, ಡ್ರೆಸ್ಸಿಂಗಿನ ಹೊತ್ತಿಗೆ ಕಣ್ಣೀರು ತಡೆಯದೆ ಬಾಲ್ಕನಿಗೆ ಹೋಗಿಬಿಡುತ್ತಾನೆ. ಮನೆಯಲ್ಲಿ ಇಂಥ ಮೃದು ಮನಸ್ಸಿನವರು ಒಬ್ಬರಿದ್ದರೆ, ಇನ್ನೊಬ್ಬರು ಅನಿವಾರ್ಯವಾಗಿ ಗಟ್ಟಿ ಮನಸ್ಸಿನವರಾಗಬೇಕಾಗುತ್ತದೆ. 50 ಕಿಲೋದ ಅತ್ತಿಗೆ 70 ಕಿಲೋದ ಮಾವನನ್ನು ದಿನಕ್ಕೆ ಹನ್ನೆರಡು ಸಲ ಹೊರಳಿಸುತ್ತಿದ್ದರು. ಅಟೆಂಡರ್ ಏಜೆನ್ಸಿಯಿಂದ ಬಂದವನು; ಕಂಕುಳಿಗೆ ಕೈಕೊಟ್ಟು ದರದರ ಮೇಲಕ್ಕೆ ಎಳೆಯುವುದನ್ನೇ ಕಲಿತಿದ್ದ. ಸಿಸ್ಟರ್ ತೋರಿಸಿಕೊಟ್ಟರು: ಭುಜದಿಂದ ತೊಡೆಯವರೆಗೆ ಬೆಡ್‌ಶೀಟೊಂದನ್ನು ಎರಡು ಮಡಿಕೆ ಮಾಡಿ ಅಡಿಗೆ ಹಾಸಿಡಿ, ಆಚೆಗೊಬ್ಬರು ಈಚೆಗೊಬ್ಬರು ಅಂಚು ಸುತ್ತಿ ಹಿಡಿಯಿರಿ, ಒಂದು ಎರಡು ಮೂರು ಎಂದು ಎತ್ತಿ ಸರಿಸಿ, ಎಳೆಯಬೇಡಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆ ಒತ್ತುತ್ತದೆ, ಬೆನ್ನ ಹಿಂದೆ ದಿಂಬಿಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಮಂಡಿಗಳ ನಡುವೆ ಒಂದು ದಿಂಬು. ಇದಕ್ಕೆ ಬೇಕಾದದ್ದು ಎರಡು ಜೊತೆ ಕೈ, ಮೂರು ನಿಮಿಷ.

ಎರಡು ಜೊತೆ ಕೈ ಎಂಬಲ್ಲೇ ತೊಡಕು. ಭೀಷ್ಮರು ಐವತ್ತೆಂಟು ರಾತ್ರಿ ಶರಶಯ್ಯೆಯಲ್ಲಿ ಮಲಗಿದ್ದರು. ಸುತ್ತ ಸೇರಿದವರು ರಾಜಧರ್ಮ ಕೇಳಿದರು, ಮೋಕ್ಷಧರ್ಮ ಕೇಳಿದರು, ದಾನಧರ್ಮ ಕೇಳಿದರು, ಎರಡು ಪರ್ವ ತುಂಬುವಷ್ಟು ಕೇಳಿದರು. ಅಜ್ಜ, ಒಂದು ಚೂರು ಈ ಮಗ್ಗುಲಿಗೆ ತಿರುಗಿಸಲೇ ಎಂದು ಕೇಳಿದ ಪಾಂಡವ ನನಗಂತೂ ಸಿಕ್ಕಿಲ್ಲ. ಅರ್ಜುನ ದಿಂಬು ಕೊಟ್ಟ, ಅದೂ ಬಾಣದ್ದು.

ನನ್ನ ನಾಲ್ಕನೆಯ ಭೇಟಿಯ ದಿನ ಹಾಲಿನಲ್ಲಿ ಏಳೆಂಟು ಜನ ಕೂತಿದ್ದರು. ಅಟೆಂಡರ್ ರಜೆ. ಮಾತು ಮೇಷ್ಟ್ರ ಶಿಸ್ತಿನಿಂದ ಹೊರಟು ಸೈಟಿನ ರೇಟಿಗೆ ಬಂದು ನಿಂತಿತ್ತು. 4 ಗಂಟೆಗೆ ಅತ್ತಿಗೆಯ ಫೋನಿನಲ್ಲಿ ಅಲಾರಂ ಹೊಡೆಯಿತು. ಅವರು ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸುತ್ತ, "ಇಬ್ಬರು ಬನ್ನಿ, ಮಾವನ್ನ ತಿರುಗಿಸಬೇಕು. ಆಮೇಲೆ ಕಾಫಿ ಕೊಡ್ತೀನಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಒಬ್ಬರಿಗೆ ಸೊಂಟನೋವು ನೆನಪಾಯಿತು. ಒಬ್ಬರಿಗೆ ಮಡಿ. ಎಂಜಿನಿಯರಿಗೆ ಫೋನು ಬಂತು, ರಿಂಗೇ ಆಗದೆ. ನಾನು ಬಾಗಿಲ ಹತ್ತಿರ ಕೂತಿದ್ದೆ. ಓಡಲು ಅನುಕೂಲವಾಗಿದ್ದ ಜಾಗ, ಆದರೆ ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

ಶೀಟಿನ ಅಂಚು ಸುತ್ತಿ ಹಿಡಿದೆ. ಮೊಳೆ ಒತ್ತಿಸಿಕೊಂಡಿದ್ದ ಅದೇ ಅಂಗೈ. ಒಂದು, ಎರಡು, ಮೂರು. ಹೊರಳಿದ ಮೇಲೆ ದೊಡ್ಡಪ್ಪನ ಮೂಗಿನಿಂದ ಒಂದು ದೀರ್ಘವಾದ ಉಸಿರು ಬಂತು, ಬೇಸಿಗೆಯಲ್ಲಿ ಸ್ಕೂಲು ಬಿಟ್ಟಾಗ ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಒರಗಿ ಬಿಡುತ್ತಿದ್ದಂಥದ್ದು.

ಆ ದಿನದಿಂದ ಅದೇ ಆ ಮನೆಯ ನಿಯಮ. ಬಂದವರು ಯಾರೇ ಆಗಲಿ ಒಂದು ಸಲ ಶೀಟು ಹಿಡಿಯಬೇಕು, ಕಾಫಿ ಆಮೇಲೆ. ಐದು ತಿಂಗಳಾಯಿತು, ಗುಡಾಣ ಮುಚ್ಚಿಕೊಂಡು ಈಗ ಉಗುರಿನಗಲ ಉಳಿದಿದೆ. ಅತ್ತಿಗೆಗೆ ಕಾಫಿಪುಡಿ ತಿಂಗಳಿಗೆ ಕಾಲು ಕಿಲೋ ಸಾಕಾಗುತ್ತಿದೆ. ಸೇಬು ಮಾತ್ರ ಬರುವುದು ನಿಂತಿಲ್ಲ. ಗೇಟಿನಲ್ಲಿ ವಾಚ್‌ಮನ್ ಕೈಗೆ ಕೊಟ್ಟು, ಮೇಷ್ಟ್ರನ್ನ ಕೇಳಿದೆ ಅಂತ ಹೇಳಪ್ಪ ಎಂದು ಹೊರಟುಹೋಗುತ್ತಾರಂತೆ.